ಪೆನ್ಸಿಲ್ ಚುಕ್ಕಿಗಳ ವರ್ಷ

ಜೂನ್ ಮೊದಲ ವಾರ ಹೊಸ ಹಾಜರಿ ಪುಸ್ತಕ ಕೈಗೆ ಬಂತು. ಈಗ ನಾನಿರುವುದು ಮಳವಳ್ಳಿಯ ಒಂದು ಪ್ರೌಢಶಾಲೆಯಲ್ಲಿ. ಗುಮಾಸ್ತರು ಕಟ್ಟು ಬಿಚ್ಚಿ, ಹತ್ತನೇ ತರಗತಿಯದು ಎಂದು ಒಂದನ್ನು ನನ್ನ ಮುಂದೆ ಇಟ್ಟರು. ರಟ್ಟು ತೆರೆದ ಕೂಡಲೇ ಅಂಟಿನ ವಾಸನೆ, ಹೊಸ ಕಾಗದದ ವಾಸನೆ, ಬೆನ್ನಿಗೆ ಹಚ್ಚಿದ ಕೆಂಪು ಬಟ್ಟೆಯ ವಾಸನೆ ಒಟ್ಟಿಗೆ ಮೂಗಿಗೆ ಬಡಿದವು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ಮಕ್ಕಳ ಹೆಸರು ಬರೆಯಲು ಕೂತದ್ದು ಮಧ್ಯಾಹ್ನದ ಮೇಲೆ. ಪಕ್ಕದ ಟೀಚರು ಒಂದು ಪೆನ್ಸಿಲ್ ತಂದುಕೊಟ್ಟರು. ಬೇಡ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಲ್ಲಿ ಹೇಳಬೇಕು.

ಅದಕ್ಕೆ ಮೊದಲು ಏಳು ವರ್ಷ ನಾನು ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಒಂದು ಹಳ್ಳಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಕೊನೆಯ ನಾಲ್ಕು ವರ್ಷ ಹತ್ತನೇ ತರಗತಿಯ ಹಾಜರಿಯೂ ನನ್ನದೇ. ಹಾಜರಿ ಹಾಕುವ ಕ್ರಮ ಹೀಗಿತ್ತು: ಬೆಳಿಗ್ಗೆ ಬಂದ ಮಗುವಿಗೆ ಆ ದಿನದ ಚೌಕದಲ್ಲಿ ಒಂದು ಓರೆ ಗೆರೆ. ಮಧ್ಯಾಹ್ನವೂ ಇದ್ದರೆ ಅದಕ್ಕೆ ಅಡ್ಡವಾಗಿ ಇನ್ನೊಂದು. ಎರಡೂ ಕೂಡಿದರೆ ಒಂದು ದಿನ. ಬಾರದ ಮಗುವಿಗೆ ಕೆಂಪು ಶಾಯಿಯಲ್ಲಿ ‘ಗೈ’, ಗೈರುಹಾಜರಿ ಎಂದು. ವರ್ಷದ ಕೊನೆಗೆ ನೂರಕ್ಕೆ ಎಪ್ಪತ್ತೈದು ದಿನ ತುಂಬದವರಿಗೆ ಪರೀಕ್ಷೆಯ ಪ್ರವೇಶ ಪತ್ರ ಸಿಗುವುದಿಲ್ಲ. ಕಾಯಿಲೆಯಿಂದ ಕೊರತೆಯಾಗಿದ್ದರೆ ಡಾಕ್ಟರ ಚೀಟಿ ಇಟ್ಟು ಮನ್ನಾ ಕೇಳಬಹುದು. ಬೇರೆ ಕಾರಣಗಳಿಗೆ ನಿಯಮದಲ್ಲಿ ಜಾಗವಿಲ್ಲ.

ಹಳ್ಳಿ ಮಕ್ಕಳು ತಪ್ಪಿಸಿಕೊಳ್ಳುವ ಕಾರಣಗಳೆಲ್ಲ ಆ ಬೇರೆ ಕಾರಣಗಳೇ. ಕಬ್ಬು ಕಡಿಯುವ ದಿನ, ನಾಲೆಗೆ ನೀರು ಬಿಟ್ಟ ದಿನ, ಹಸು ಕರು ಹಾಕಿದ ದಿನ. ಅದಕ್ಕಾಗಿ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೆ. ಬಾರದ ಮಗುವಿನ ಚೌಕದಲ್ಲಿ ಕೆಂಪು ಶಾಯಿಯ ಬದಲು ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕಿ ಇಡುತ್ತಿದ್ದೆ. ಶನಿವಾರದವರೆಗೆ ಚುಕ್ಕಿ ಚುಕ್ಕಿಯಾಗಿಯೇ ಇರುತ್ತಿತ್ತು. ಶನಿವಾರ ಪುಸ್ತಕ ಮುಗಿಸುವಾಗ, ಕಾರಣ ನ್ಯಾಯವಾದದ್ದು ಎನಿಸಿದರೆ ಅದರ ಮೇಲೆ ಎರಡು ಗೆರೆ ಎಳೆದುಬಿಡುತ್ತಿದ್ದೆ. ಮೊಬೈಲಿನಲ್ಲಿ ಹಾಕಬೇಕಾದ ಹಾಜರಿಯನ್ನೂ ಅಲ್ಲಿ ನೆಟ್‌ವರ್ಕ್ ಸಿಗದ ಕಾರಣ ಶನಿವಾರವೇ ಮದ್ದೂರಿಗೆ ಬಂದು ಒಟ್ಟಿಗೆ ಏರಿಸುತ್ತಿದ್ದೆ. ಮುಖ್ಯೋಪಾಧ್ಯಾಯರಿಗೆ ಇದು ಗೊತ್ತಿತ್ತು. ಆಟದ ಮೇಷ್ಟ್ರು ತಮಾಷೆ ಮಾಡುತ್ತಿದ್ದರು: “ನಿಮ್ದು ರಿಜಿಸ್ಟ್ರಲ್ಲ ಕಣ್ ಮೇಡಂ, ರಂಗೋಲಿ. ಮೊದ್ಲು ಚುಕ್ಕಿ, ಆಮೇಲೆ ಗೆರೆ.” ನಾನೂ ನಗುತ್ತಿದ್ದೆ. ಅದು ಕರುಣೆ ಎಂದೇ ನಂಬಿದ್ದೆ.

ಚಂದನಳ ಕ್ರಮಸಂಖ್ಯೆ ಹದಿನಾಲ್ಕು. ಕಿಟಕಿ ಪಕ್ಕದ ಮೂರನೇ ಬೆಂಚು. ಜೊತೆಗೆ ಕೂರುತ್ತಿದ್ದವಳು ಸುಮಯ್ಯ, ಮುಖ್ಯರಸ್ತೆಯ ಗೇಟಿನ ಹತ್ತಿರ ಬೈಕ್ ರಿಪೇರಿ ಅಂಗಡಿ ಇಟ್ಟವರ ಮಗಳು. ಇಬ್ಬರೂ ಒಂದೇ ಜಾಮಿಟ್ರಿ ಬಾಕ್ಸ್ ಬಳಸುತ್ತಿದ್ದರು. ಹೋದ ವರ್ಷ ಮಳೆ ಶುರುವಾದ ಹೊತ್ತಿಗೆ ಚಂದನಳ ತಾಯಿಯನ್ನು ಮಂಡ್ಯದ ದೊಡ್ಡಾಸ್ಪತ್ರೆಗೆ ಸೇರಿಸಿದರು. ಅಪ್ಪ ನಿಂಗರಾಜು ಊರಲ್ಲಿ ದನ, ಗದ್ದೆ ನೋಡಿಕೊಳ್ಳಬೇಕು. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಒಬ್ಬರು ಇರಲೇಬೇಕು. ಇದ್ದವಳು ಚಂದನ. ವಾರಗಟ್ಟಲೆ ಬರಲಿಲ್ಲ. ಅಷ್ಟು ದಿನಕ್ಕೆ ನನ್ನ ಚುಕ್ಕಿ ಸಾಲದು. ಅವನ್ನೆಲ್ಲ ಕೆಂಪು ಶಾಯಿಯಲ್ಲೇ ಬರೆದೆ. ದಸರಾ ರಜೆ ಮುಗಿದು ಶಾಲೆ ತೆರೆದ ವಾರವೇ ಅವಳ ತಾಯಿ ತೀರಿಕೊಂಡರು.

ಹದಿಮೂರು ದಿನ ಕಳೆದು ಚಂದನ ಬಂದಾಗ ನಾನು ಅವಳನ್ನು ಮೇಜಿನ ಹತ್ತಿರ ಕರೆದು ಪುಸ್ತಕ ತೋರಿಸಿದೆ. ಇಬ್ಬರೂ ಕೂತು ಲೆಕ್ಕ ಮಾಡಿದೆವು. ಅಂದಿನಿಂದ ಕೊನೆಯವರೆಗೆ ಎರಡು ದಿನ ತಪ್ಪಿದರೆ ನಡೆಯುತ್ತದೆ, ಮೂರನೆಯದು ತಪ್ಪಿದರೆ ಪರೀಕ್ಷೆ ಇಲ್ಲ. ಆಮೇಲೆ, “ಎಲ್ಡೂ ಬ್ಯಾಡ ಬುಡಿ ಮೇಡಂ, ಬತ್ತೀನಿ” ಎಂದಳು.

ಬಂದಳು. ಕಾರ್ತಿಕದಲ್ಲಿ, ಧನುರ್ಮಾಸದಲ್ಲಿ, ಬೆಳಗಿನ ಮಂಜಿನಲ್ಲಿ ಎದುರಿನ ಕಬ್ಬಿನ ಗಾಡಿ ಕಾಣದಂಥ ದಿನಗಳಲ್ಲಿ ಬಂದಳು. ಟ್ರ್ಯಾಕ್ಟರುಗಳು ರಸ್ತೆ ತುಂಬಿ ನನ್ನ ಬಸ್ಸು ತಡವಾದಾಗ ನನಗಿಂತ ಮೊದಲು ಬಂದು ಕೋಣೆಯ ಬೀಗದ ಮುಂದೆ ನಿಂತಿರುತ್ತಿದ್ದಳು. ಮನೆಯಲ್ಲಿ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಅಪ್ಪನಿಗೆ ಮುದ್ದೆ ತಿರುವಿಟ್ಟು ಬರುತ್ತಾಳೆಂದು ಸುಮಯ್ಯ ಹೇಳಿದ್ದಳು. ನವೆಂಬರಿನಿಂದ ಜನವರಿಯ ಕೊನೆಯವರೆಗೆ ಹದಿನಾಲ್ಕನೇ ಸಾಲಿನಲ್ಲಿ ಒಂದು ಚುಕ್ಕಿಯೂ ಇಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಗೊತ್ತಿರಲಿಲ್ಲ ಎಂಬ ಮಾತು ಒಪ್ಪುವುದಿಲ್ಲ.

ಫೆಬ್ರವರಿಯ ಒಂದು ಸೋಮವಾರ ಅವಳು ಬರಲಿಲ್ಲ. ಚುಕ್ಕಿ ಇಟ್ಟೆ. ಮಂಗಳವಾರವೂ ಇಟ್ಟೆ. ಬುಧವಾರ ಅವಳ ಸೋದರತ್ತೆ ಸಾಕಮ್ಮ ಶಾಲೆಗೆ ಬಂದರು. ತಾಯಿ ಹೋದ ಮೇಲೆ ಆ ಮನೆಯ ಹಿರಿತನ ಅವರದೇ. ಗೇಟಿನ ಆಚೆಯೇ ನಿಂತು, ಒಳಗೆ ಬರುವುದಿಲ್ಲ ಎಂದು ಕೈ ಆಡಿಸಿದರು. ನಾನೇ ಹೋದೆ.

“ಉಡ್ಗಿಗೆ ಅಮ್ಮ ಆಗೈತೆ ಕಣವ್ವ” ಎಂದರು. “ಮೈಯೆಲ್ಲಾ ಎದ್ಬುಟ್ಟೈತೆ. ಬಾಗ್ಲಿಗೆ ಬೇವಿನ್ ಸೊಪ್ಪು ಕಟ್ಟೀವಿ. ಯಾರೂ ಬರಂಗಿಲ್ಲ, ನಾವೂ ಯಾರ್ ಮನೆಗೂ ಓಗಂಗಿಲ್ಲ. ನಿಮ್ಗೂ ಮಕ್ಳವ್ರೆ, ದೂರ ನಿಂತ್ಕಳಿ.”

ನಮ್ಮ ಕಡೆ ಮೈಮೇಲೆ ಸಿಡುಬಿನಂಥ ಗುಳ್ಳೆ ಎದ್ದರೆ ದೇವಿ ಬಂದಳೆಂದೇ ನಡೆದುಕೊಳ್ಳುತ್ತಾರೆ. ಡಾಕ್ಟರ ಹತ್ತಿರ ಹೋಗುವುದಿಲ್ಲ, ಔಷಧಿ ಕೊಡುವುದಿಲ್ಲ. ಅರಿಶಿನ, ಬೇವು ಹಚ್ಚಿ ಮೂರು ಸಲ ತಲೆಗೆ ನೀರು ಹಾಕುವವರೆಗೆ ಮನೆಗೆ ಯಾರೂ ಕಾಲಿಡುವುದಿಲ್ಲ. ನಾನೂ ಅದೇ ಸೀಮೆಯಲ್ಲಿ ಹುಟ್ಟಿದವಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಡಾಕ್ಟರ ಚೀಟಿ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆ ಮನೆಯಿಂದ ಅಂಥ ಚೀಟಿ ಬರುವುದಿಲ್ಲ. ಹಾಗಾದರೆ ಹುಡುಗಿಯ ಪರೀಕ್ಷೆ ಉಳಿಯುವುದು ನನ್ನ ಪೆನ್ನಿನಿಂದ ಮಾತ್ರ ಎಂದುಕೊಂಡೆ.

ಆ ಶನಿವಾರ ಆರು ಚುಕ್ಕಿಗಳ ಮೇಲೆ ಗೆರೆ ಎಳೆದೆ. ಮುಂದಿನ ಶನಿವಾರ ಇನ್ನು ಮೂರರ ಮೇಲೆ. ಒಟ್ಟು ಒಂಬತ್ತು ದಿನ. ಶಾಯಿ ಒಣಗಿದ ಮೇಲೆ ರಬ್ಬರಿನಿಂದ ಚುಕ್ಕಿ ಅಳಿಸಿದೆ. ಎಂದೂ ಇಷ್ಟು ಜೋಪಾನವಾಗಿ ಅಳಿಸಿರಲಿಲ್ಲ.

ಎರಡನೇ ವಾರದ ಗುರುವಾರ ಚಂದನ ಬಂದಳು. ಕುತ್ತಿಗೆಯ ಹಿಂದೆ, ಕಿವಿಯ ಸಂದಿಯಲ್ಲಿ ಅರಿಶಿನ ಉಳಿದಿತ್ತು. ಮುಖದಲ್ಲಿ ಒಂದು ಕಲೆಯೂ ಇರಲಿಲ್ಲ. ಕೈಗಳಲ್ಲೂ ಇರಲಿಲ್ಲ. ಅಂಗೈಗಳನ್ನು ಮಡಿಚಿಟ್ಟುಕೊಂಡಿದ್ದಳು. ಬರೆಯುವಾಗ ಬಿಚ್ಚಲೇಬೇಕಾಯಿತು. ಗೋರಂಟಿಯ ಕೆಂಪು ಬೆರಳ ತುದಿಗಳಲ್ಲಿ ಮಾಸುತ್ತಾ ಇತ್ತು. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಹೇಳಲಾರೆ. ಅಮ್ಮ ಆದ ಮಗುವಿಗೆ ಗೋರಂಟಿ ಯಾರು ಹಚ್ಚುತ್ತಾರೆ ಎಂಬ ಪ್ರಶ್ನೆ ಒಂದು ಕ್ಷಣ ಎದ್ದು ನಿಂತಿತು. ಆಗ ಗಂಟೆ ಹೊಡೆಯಿತು. ಸುಮಯ್ಯ ಅವತ್ತು ಜಾಮಿಟ್ರಿ ಬಾಕ್ಸನ್ನು ಪೂರಾ ಅವಳ ಕಡೆಗೇ ತಳ್ಳಿ ಕೂತಿದ್ದಳು. ನಾನು ಪಾಠ ಶುರು ಮಾಡಿದೆ.

ಹದಿನೈದು ದಿನವಾಗಿರಬೇಕು. ಒಂದು ಶುಕ್ರವಾರ ಮಧ್ಯಾಹ್ನ ಮಕ್ಕಳ ರಕ್ಷಣೆಯ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ನನ್ನದೇ ವಯಸ್ಸಿನ ಹೆಂಗಸು, ಕೈಯಲ್ಲಿ ಒಂದು ಕಡತ. ಯಾರೋ ಸಹಾಯವಾಣಿಗೆ ಕರೆ ಮಾಡಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಫೆಬ್ರವರಿಯ ಆ ಮೊದಲ ವಾರದ ಗುರುವಾರ ಮಳವಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ, ಹುಡುಗನ ಮನೆಯೊಳಗೇ, ಮೂವತ್ತು ಜನರ ಮುಂದೆ ಚಂದನಳ ಮದುವೆಯಾಗಿದೆ ಎಂಬುದು ದೂರು. ಹುಡುಗನಿಗೆ ಇಪ್ಪತ್ತೇಳು. ಇವಳಿಗೆ ಹದಿನೈದು ತುಂಬಿ ನಾಲ್ಕು ತಿಂಗಳು.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಾವು ಆರು ಜನ ಇದ್ದೆವು: ಅಧಿಕಾರಿ, ಮುಖ್ಯೋಪಾಧ್ಯಾಯರು, ನಾನು, ನಿಂಗರಾಜು, ಸಾಕಮ್ಮ, ಗೋಡೆಗೆ ಒರಗಿ ಚಂದನ. ನಿಂಗರಾಜು ಕೆಟ್ಟ ಮನುಷ್ಯನಲ್ಲ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ದಿನಾ ಸಂಜೆ ಕೆಲಸ ಮುಗಿಸಿ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ನೋಡಿ ಬರುತ್ತಿದ್ದವನು. ಅಂದು ಅವನು ನೆಲ ನೋಡುತ್ತಿದ್ದ. ಮಾತೆಲ್ಲ ಸಾಕಮ್ಮನದು. ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಒಂದು ಮದುವೆ ಆಗಬೇಕು, ಇಲ್ಲದಿದ್ದರೆ ಮೂರು ವರ್ಷ ಮಾಡುವ ಹಾಗಿಲ್ಲ, ಅದಕ್ಕೇ ಮಾತುಕತೆ ಆಗಿದ್ದು ನಿಜ, ಆದರೆ ಮದುವೆ ಆಗಿಲ್ಲ ಎಂದರು. ಆ ಗುರುವಾರ ಹುಡುಗಿ ಎಲ್ಲಿದ್ದಳು ಎಂದು ಅಧಿಕಾರಿ ಕೇಳಿದಾಗ ಸಾಕಮ್ಮ ನನ್ನ ಕಡೆ ಒಮ್ಮೆ ನೋಡಿದರು.

“ಇಸ್ಕೂಲಲ್ಲಿದ್ಲು” ಎಂದರು. “ಬೇಕಾರೆ ಆಜ್ರಿ ಬುಕ್ ತಗಸಿ ನೋಡಿ.”

ಗೇಟಿನ ಹತ್ತಿರ ನನ್ನೊಡನೆ ಆಡಿದ ಮಾತು ಅವರಿಗೆ ಮರೆತಿರಲಿಲ್ಲ. ನಾನು ಗೆರೆ ಎಳೆಯುತ್ತೇನೆಂದು ಇಡೀ ಊರಿಗೆ ಗೊತ್ತಿತ್ತು. ಪುಸ್ತಕ ಬಂತು. ಅಧಿಕಾರಿ ಹದಿನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟು ಆ ಗುರುವಾರದವರೆಗೆ ಸರಿಸಿಕೊಂಡು ಹೋದರು. ಎರಡು ಗೆರೆ, ಒಂದರ ಮೇಲೊಂದು, ಸ್ಪಷ್ಟವಾಗಿ. ಅವರು ನನ್ನನ್ನು ಎರಡು ಪ್ರಶ್ನೆ ಕೇಳಿದರು. ಇದು ನೀವು ಹಾಕಿದ್ದೇ ಎಂದು ಮೊದಲನೆಯದು. ಹೌದು ಎಂದೆ. ಅವಳು ಅಂದು ಬಂದಿದ್ದಳೇ ಎಂದು ಎರಡನೆಯದು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸತೊಡಗಿದರು.

“ಪುಸ್ತಕದಲ್ಲಿ ಹಾಗಿದೆ” ಎಂದೆ.

ನಾನು ಆಡಿದ ಮಾತು ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಧಿಕಾರಿ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿ ಬರೆದುಕೊಂಡರು. ಚಂದನಳನ್ನೂ ಕೇಳಿದರು. ಅವಳು ಬಂದಿದ್ದೆ ಎಂದಳು. ಹೇಳುವಾಗ ಅಪ್ಪನನ್ನಾಗಲಿ ಅತ್ತೆಯನ್ನಾಗಲಿ ನೋಡಲಿಲ್ಲ, ಪುಸ್ತಕವನ್ನು ನೋಡಿದಳು. ಅಧಿಕಾರಿ ಪುಟದ ಫೋಟೊ ತೆಗೆದುಕೊಂಡು ಹೊರಟರು. ಜೀಪು ಗೇಟು ದಾಟಿದ ಮೇಲೆ ಸಾಕಮ್ಮ ನನಗೆ ಕೈ ಮುಗಿದರು. ಆ ಕೈ ಮುಗಿದದ್ದನ್ನು ನಾನು ಮರೆಯಲಾರೆ.

ಭಾನುವಾರ ಮಂಡ್ಯದ ಮನೆಯಲ್ಲಿದ್ದೆ. ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವಾಗ ಒಂದು ವಿಷಯ ತಿಳಿಯಿತು, ತಡವಾಗಿ ತಿಳಿಯಿತು. ಮೂರು ತಿಂಗಳು ಒಂದು ದಿನವೂ ತಪ್ಪಿಸದ ಹುಡುಗಿ ಬರಲಿಲ್ಲವೆಂದರೆ ಅದೇ ಒಂದು ಸುದ್ದಿ. ಕೆಂಪು ಶಾಯಿ ಇರುವುದು ಆ ಸುದ್ದಿಯನ್ನು ಹೇಳುವುದಕ್ಕೆ. ಎರಡು ದಿನ ಕೆಂಪು ಬಿದ್ದಿದ್ದರೆ ಮೂರನೇ ದಿನ ಯಾರಾದರೂ ಆ ಮನೆಗೆ ಹೋಗಲೇಬೇಕಿತ್ತು, ಗುರುವಾರದ ಮುಹೂರ್ತಕ್ಕೆ ಮೊದಲು. ನಾನು ಚುಕ್ಕಿ ಇಟ್ಟೆ.

ಸೋಮವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಚಂದನಳನ್ನು ಖಾಲಿ ತರಗತಿಯಲ್ಲಿ ಕೂರಿಸಿಕೊಂಡು ನಿಜ ಕೇಳಿದೆ. ಅಳಲಿಲ್ಲ. ತಾಳಿಯನ್ನು ಅತ್ತೆ ಬಿಚ್ಚಿ ತಮ್ಮ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಪರೀಕ್ಷೆ ಮುಗಿಯುವವರೆಗೆ ಮಾತ್ರ ಇಲ್ಲಿ ಎಂದಳು. ಅದಕ್ಕೂ ಹುಡುಗನ ಕಡೆಯವರು ಒಪ್ಪಿರಲಿಲ್ಲ. ಪರೀಕ್ಷೆ ಬರೆಸದಿದ್ದರೆ ಉಣ್ಣುವುದಿಲ್ಲ ಎಂದು ಇವಳು ಹಟ ಹಿಡಿದು ಮೂರು ದಿನ ಉಪವಾಸ ಕೂತು ಒಪ್ಪಿಸಿದ್ದಳು. ನನ್ನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವಳೇ ಹೇಳಿದಳು.

“ಮೇಡಂ, ಆ ಗೆರೆ ಇದ್ರೆ ಪರೀಕ್ಸೆ ಬರೀತೀನಿ. ಮುಗುದ್ ಮಾರ್ನೆ ದಿನ ಮಳವಳ್ಳಿಗೆ ಕಳುಸ್ತಾರೆ. ಗೆರೆ ಇಲ್ದಿದ್ರೆ ಪರೀಕ್ಸೆ ಇಲ್ಲ, ಮಳವಳ್ಳೀನೂ ಇಲ್ಲ. ಅಷ್ಟೆಯಾ?”

ಅಷ್ಟೇ ಎಂದೆ. ಎರಡು ದಿನ ಯೋಚನೆ ಮಾಡು ಎಂದೆ. ಹೀಗೆ ಹೇಳಿದವಳು ನಾನು, ಹತ್ತೊಂಬತ್ತು ವರ್ಷ ಸರ್ವೀಸಾದವಳು. ಹೇಳಿದ್ದು ಹದಿನೈದು ವರ್ಷದವಳಿಗೆ. ನನ್ನ ಕೆಲಸ ಹೋದೀತು ಎಂಬ ಭಯ ಅದರೊಳಗೆ ಇರಲಿಲ್ಲವೇ ಎಂದು ಕೇಳಿಕೊಂಡರೆ, ಇತ್ತು.

ಬುಧವಾರ ಬೆಳಿಗ್ಗೆ ಹಾಜರಿ ಕೂಗುತ್ತಿದ್ದೆ. ಹದಿಮೂರು ಆಯಿತು. ಹದಿನಾಲ್ಕು ಎಂದಾಗ ಅವಳು ಕೂತಲ್ಲಿಂದ ಉತ್ತರ ಕೊಡಲಿಲ್ಲ. ಎದ್ದು ಮೇಜಿನ ಹತ್ತಿರ ಬಂದಳು. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಫೆಬ್ರವರಿಯ ಪುಟ ತೆಗೆದಳು. ತನ್ನ ಸಾಲಿನ ಆ ಒಂಬತ್ತು ಚೌಕಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು. ಬೆರಳ ತುದಿಯ ಗೋರಂಟಿ ಅಷ್ಟು ಹೊತ್ತಿಗೆ ಉಗುರಿನ ಅಂಚಿಗೆ ಸರಿದಿತ್ತು.

“ಇವೊಂಬತ್ತೂ ನಾನಲ್ಲ ಮೇಡಂ” ಎಂದಳು. “ಬರ್ಕಳಿ.”

ತರಗತಿಯಲ್ಲಿ ಮೂವತ್ತೊಂದು ಮಕ್ಕಳಿದ್ದರು. ನಾನು ಕೆಂಪು ಪೆನ್ನು ತೆಗೆದುಕೊಂಡೆ. ಒಂದೊಂದು ಗೆರೆಯನ್ನೂ ಹೊಡೆದುಹಾಕಿ, ಪಕ್ಕದಲ್ಲಿ ‘ಗೈ’ ಬರೆದು, ಚಿಕ್ಕ ಸಹಿ ಹಾಕಿದೆ. ಒಂಬತ್ತು ಸಹಿ. ಅವಳು ನಿಂತು ಒಂಬತ್ತನ್ನೂ ನೋಡಿ, ಹೋಗಿ ಕೂತಳು.

ಅದೇ ದಿನ ನಡೆದದ್ದನ್ನೆಲ್ಲ ಎರಡು ಪುಟ ಬರೆದೆ, ನನ್ನ ಚುಕ್ಕಿಗಳ ಅಭ್ಯಾಸವನ್ನೂ ಸೇರಿಸಿ. ಮುಖ್ಯೋಪಾಧ್ಯಾಯರು ಓದಿ, ಒಂದು ಲೋಟ ನೀರು ಕುಡಿದರು. “ಇದಕ್ಕೆ ಸಹಿ ಹಾಕಿದ್ರೆ ನಾನೂ ಉತ್ತರ ಕೊಡ್ಬೇಕಾಗುತ್ತೆ, ಗೊತ್ತಲ್ವಮ್ಮ?” ಎಂದರು. ಗೊತ್ತು ಸರ್ ಎಂದೆ. ಪೆನ್ನು ತೆಗೆದು ಸಹಿ ಹಾಕಿದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಮನುಷ್ಯ. ಒಂದು ಪ್ರತಿ ಶಿಕ್ಷಣಾಧಿಕಾರಿಗಳಿಗೆ, ಒಂದು ಆ ಮಹಿಳಾ ಅಧಿಕಾರಿಗೆ. ಅವರು ಮರುದಿನವೇ ಬಂದರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. “ಶುಕ್ರವಾರ ನಿಮ್ಮ ಮುಖ ನೋಡಿದಾಗಲೇ ಗೊತ್ತಾಗಿತ್ತು, ಮುಖ ಸಾಕ್ಷಿಯಾಗುವುದಿಲ್ಲವಲ್ಲ” ಎಂದಷ್ಟೇ ಹೇಳಿದರು.

ಚಂದನಳನ್ನು ಮಂಡ್ಯದ ಬಾಲಮಂದಿರಕ್ಕೆ ಕರೆದುಕೊಂಡು ಹೋದರು. ಜೀಪಿನವರೆಗೂ ನಾನು ಜೊತೆಗೆ ನಡೆದೆ. ಸುಮಯ್ಯ ಓಡಿಬಂದು ಜಾಮಿಟ್ರಿ ಬಾಕ್ಸನ್ನು ಅವಳ ಕೈಗಿಟ್ಟಳು. ಇವಳು ಅದರಿಂದ ಒಂದು ಸ್ಕೇಲು ತೆಗೆದು ಸುಮಯ್ಯಳಿಗೆ ವಾಪಸು ಕೊಟ್ಟಳು. ಊರಲ್ಲಿ ಒಂದು ವಾರ ನನ್ನ ಮುಖ ನೋಡಿ ಮಾತಾಡಿದವರು ಕಡಿಮೆ. ನಿಂಗರಾಜು, ಸಾಕಮ್ಮ, ಹುಡುಗ, ಅವನ ಅಪ್ಪ ಇವರ ಮೇಲೆ ಕೇಸಾಯಿತು. ಅದಿನ್ನೂ ನಡೆಯುತ್ತಿದೆ.

ಹಾಜರಿ ಕೊರತೆಯ ಮನ್ನಾಕ್ಕೆ ಬರೆದೆವು. ಡಾಕ್ಟರ ಚೀಟಿ ಇಲ್ಲದ ಕಾರಣ ತಿರುಗಿ ಬಂತು. ಶಾಲೆಯ ಪ್ರವೇಶ ಪತ್ರಗಳ ಕಟ್ಟಿನಲ್ಲಿ ಅವಳದೊಂದು ಬರಲಿಲ್ಲ. ಹೆಸರಿನ ಪಟ್ಟಿ ಮೊದಲೇ ಹೋಗಿದ್ದರಿಂದ ನೋಂದಣಿ ಸಂಖ್ಯೆ ಮಾತ್ರ ಉಳಿದಿತ್ತು. ಮೊದಲ ದಿನದ ಕನ್ನಡ ಪರೀಕ್ಷೆ ಮುಗಿಸಿ ಬಂದ ಸುಮಯ್ಯ ಹೇಳಿದಳು: ಮದ್ದೂರಿನ ಕೇಂದ್ರದಲ್ಲಿ ತನ್ನ ಮುಂದಿನ ಡೆಸ್ಕಿನ ಮೇಲೆ ಚಂದನಳ ನಂಬರು ಅಂಟಿಸಿದ್ದರು, ಮೂರು ಗಂಟೆಯೂ ಅದು ಖಾಲಿಯೇ ಇತ್ತು.

ನನಗೆ ನೋಟಿಸು ಬಂತು. ಉತ್ತರದಲ್ಲಿ ತಪ್ಪು ನನ್ನದೇ ಎಂದು ಬರೆದೆ. ಮೇ ತಿಂಗಳಲ್ಲಿ ವರ್ಗವಾಯಿತು, ಮಳವಳ್ಳಿಗೆ. ಅವಳನ್ನು ಕಳಿಸಬೇಕೆಂದಿದ್ದ ಕಡೆಗೆ ನನ್ನನ್ನು ಕಳಿಸಿದರು. ಇಲ್ಲಿ ಮೊದಲ ಗಂಟೆಗೇ ಕೆಂಪು ಶಾಯಿ ತೆಗೆಯುತ್ತೇನೆ. ಎರಡನೇ ದಿನವೂ ಬಾರದಿದ್ದರೆ ಸಂಜೆ ಆ ಮನೆಯ ಬಾಗಿಲಿಗೆ ಹೋಗುತ್ತೇನೆ, ಬೇವಿನ ಸೊಪ್ಪು ಕಟ್ಟಿದ್ದರೂ ಹೋಗುತ್ತೇನೆ. ಮಕ್ಕಳು ನನಗೆ ಈಗಾಗಲೇ ಪೊಲೀಸಮ್ಮ ಎಂದು ಹೆಸರಿಟ್ಟಿದ್ದಾರೆ.

ಚಂದನ ಬಾಲಮಂದಿರದಿಂದ ತಾಯಿಯ ತಾಯಿಯ ಮನೆಗೆ ಬಂದಿದ್ದಾಳೆ, ದುದ್ದದ ಕಡೆ. ಅಲ್ಲಿಯ ಶಾಲೆಯಲ್ಲಿ ಹತ್ತಕ್ಕೆ ಮತ್ತೆ ಸೇರಿಸಿದ್ದಾರೆಂದು ಆ ಅಧಿಕಾರಿಯೇ ತಿಳಿಸಿದರು. ಮೊನ್ನೆ ಶನಿವಾರ ರಜೆ ಹಾಕಿ ಹೋದೆ. ಕಾಣಬೇಕೆಂದೇ ಹೋಗಿದ್ದು. ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ತಲುಪಿದಾಗ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದರು. ಕಾಂಪೌಂಡಿನ ಹೊರಗೆ, ತರಗತಿಯ ಕಿಟಕಿ ಕಾಣುವ ಕಡೆ ನಿಂತೆ. ರಾತ್ರಿ ಸುರಿದ ಮಳೆಗೆ ನೆಲ ಒದ್ದೆಯಾಗಿತ್ತು. ಒಳಗೆ ಯಾರೋ ಟೀಚರು ಹಾಜರಿ ಕೂಗುತ್ತಿದ್ದರು. ಹೆಸರುಗಳು, ಉತ್ತರಗಳು, ನಡುವೆ ಒಂದೆರಡು ಕೆಮ್ಮು. ಹೊಸದಾಗಿ ಸೇರಿದವಳಾದ್ದರಿಂದ ಅವಳ ಹೆಸರು ಕೊನೆಗೆ ಬಂತು.

ಚಂದನ ಎಂದು ಕರೆದರು. ಸದ್ದಿಲ್ಲ. ಇನ್ನೊಂದು ಸಲ ಕರೆದರು. ನಾನು ಕಾಂಪೌಂಡಿನ ಕಲ್ಲು ಹಿಡಿದುಕೊಂಡೆ.

“ಬಂದಿವ್ನಿ ಮೇಡಂ.”

ಅದೇ ಧ್ವನಿ. ಕಿಟಕಿಯಾಚೆ ಯಾರೋ ನಕ್ಕರು, ಟೀಚರು ಗದರಿದರು. ಗೆರೆ ಎಳೆದ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿ ನಾನಿರಲಿಲ್ಲ. ಎಳೆದಿರಬೇಕು. ಅವಳು ಅಲ್ಲಿದ್ದಳು.